ಬೆರಣಿ ಗೋಡೆಗೆ ಸುಣ್ಣ

ಎರಡನೇ ಸಲ ಸುಣ್ಣ ಬಳಿದು ಮುಗಿಸಿ, ರಾಮಕೃಷ್ಣಪ್ಪ ಅಂಗಳದ ನಡುವಿನವರೆಗೂ ಹಿಂದಕ್ಕೆ ನಡೆದು ಬಂದು, ಸೊಂಟದ ಮೇಲೆ ಕೈಯಿಟ್ಟುಕೊಂಡು ಗೋಡೆ ನೋಡಿದ. ಅದು ಕೊಟ್ಟಿಗೆಯ ಗೋಡೆ ಎಂದು ಇನ್ನು ಯಾರೂ ಹೇಳುವಂತಿರಲಿಲ್ಲ. ಹೊಸೂರಿನ ಟಾಕೀಸಿನ ಪರದೆಗೂ ಇಷ್ಟು ಬಿಳುಪಿಲ್ಲ ಎಂದುಕೊಂಡ. ಬೆನ್ನು ತಟ್ಟಲು ಹತ್ತಿರದಲ್ಲಿ ಯಾರೂ ಇರಲಿಲ್ಲವಾದ್ದರಿಂದ ಕಟ್ಟಿ ಹಾಕಿದ್ದ ಹಸುವನ್ನೇ ಒಮ್ಮೆ ನೋಡಿದ. ಹಸು ಮೆಲುಕು ಹಾಕುತ್ತಿತ್ತು.

ತೊರಪಲ್ಲಿ ಅಗ್ರಹಾರ ದಾಟಿದ ಮೇಲೆ ಬರುವ ಆ ಹಳ್ಳಿಯಲ್ಲಿ ರಾಮಕೃಷ್ಣಪ್ಪನನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಎಲ್ಲರಿಗೂ ಅವನು ‘ಮೆಂಬರ್’. ಒಂದು ಅವಧಿಗೆ ಪಂಚಾಯಿತಿ ಮೆಂಬರ್ ಆಗಿದ್ದು ನಿಜ. ಆಮೇಲೆ ಎರಡು ಸಲ ನಿಂತು ಎರಡು ಸಲವೂ ಸೋತ. ಪದವಿ ಹೋದರೂ ಹೆಸರು ಹೋಗಲಿಲ್ಲ. ಹೆಸರು ಹೋಗದಂತೆ ಅವನೂ ನೋಡಿಕೊಂಡ. ಇಸ್ತ್ರಿ ಮಾಡಿದ ಬಿಳಿ ಷರಟು, ಬಿಳಿ ಪಂಚೆ, ಜೇಬಿನಲ್ಲಿ ಪೆನ್ನು. ವಿಸಿಟಿಂಗ್ ಕಾರ್ಡಿನಲ್ಲಿ ‘ಮಾಜಿ’ ಎಂಬ ಪದವನ್ನು ಇರುವೆಯ ಕಾಲಿನಷ್ಟು ಸಣ್ಣದಾಗಿ ಅಚ್ಚು ಹಾಕಿಸಿದ್ದ. ಪಕ್ಕದ ತೊರಪಲ್ಲಿಯಲ್ಲಿ ಹುಟ್ಟಿದವರೊಬ್ಬರು ಇಡೀ ದೇಶಕ್ಕೇ ಗವರ್ನರ್ ಜನರಲ್ ಆದ ಸಂಗತಿಯನ್ನು ಅವನು ಆಗಾಗ ಎತ್ತುತ್ತಿದ್ದ.

“ಅವ್ರು ಕುಡ್ದಿದ್ದೂ ಇದೇ ಹೊಳೆ ನೀರು, ನಾನು ಕುಡ್ದಿದ್ದೂ ಇದೇ ಹೊಳೆ ನೀರು.”

“ಹಂಗಾರೆ ನೀರಿಂದು ತಪ್ಪಿಲ್ಲ ಬುಡು ಮೆಂಬ್ರೆ,” ಎಂದು ಹಾಲಿನ ಸೊಸೈಟಿಯ ಮುಂದೆ ಕೂತವರು ಹೇಳುತ್ತಿದ್ದರು.

ಅವನ ಮಗಳು ವನಿತಾ ಹೊಸೂರಿನ ಒಂದು ಮದುವೆ ವಿಡಿಯೋ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದಳು. ಕಂಪ್ಯೂಟರ್ ಮುಂದೆ ಕೂತು ಗಂಡುಹೆಣ್ಣಿನ ತಲೆಯ ಮೇಲೆ ತಾವರೆ ಅರಳಿಸುವುದು, ಮಾವನವರ ಮುಖದ ಸುತ್ತ ಹೃದಯ ಹಾರಿಸುವುದು ಅವಳ ಕೆಲಸ. ಕೃಷ್ಣಗಿರಿ ಜಿಲ್ಲೆಯಾಗಿ ಐದು ವರ್ಷವಾಗಿದ್ದ ಆ ಕಾಲಕ್ಕೆ ಸ್ಟುಡಿಯೋಗೆ ಇಂಟರ್ನೆಟ್ಟೂ ಬಂದಿತ್ತು. ಯುರೋಪಿನ ಯಾವುದೋ ಊರಿನವರು ನಡೆಸುವ ಅಂತರರಾಷ್ಟ್ರೀಯ ಸ್ಪರ್ಧೆಯೊಂದು ಅವಳ ಕಣ್ಣಿಗೆ ಬಿದ್ದದ್ದು ಅದರಲ್ಲೇ. ಪ್ರೊಜೆಕ್ಷನ್ ಮ್ಯಾಪಿಂಗ್ ಎಂಬ ಕಲೆ ಅದು. ಕಟ್ಟಡವೊಂದರ ಉಬ್ಬುತಗ್ಗು, ಕಿಟಕಿ, ಬಿರುಕುಗಳನ್ನೆಲ್ಲ ಅಳೆದು, ಅದಕ್ಕೆ ಚರ್ಮದ ಹಾಗೆ ಕೂರುವ ಬೆಳಕಿನ ಚಿತ್ರ ಮಾಡಿ, ಕತ್ತಲಾದ ಮೇಲೆ ಅದರ ಮೇಲೆ ಬಿಡುವುದು. ಆ ವರ್ಷ ಕೊಟ್ಟ ವಿಷಯ, ‘ಬದುಕಿನ ಅರ್ಥ’. ಹೊರದೇಶದವರು ಅರಮನೆ, ಚರ್ಚು, ಗಡಿಯಾರದ ಗೋಪುರ ಆರಿಸಿಕೊಂಡರು. ವನಿತಾ ತನ್ನ ಮನೆಯ ಕೊಟ್ಟಿಗೆ ಗೋಡೆಯ ಫೋಟೋ ಕಳಿಸಿದಳು. ಕೊನೆಯ ಸುತ್ತಿಗೆ ಉಳಿದ ಕೆಲವರಲ್ಲಿ ಅವಳೂ ಒಬ್ಬಳೆಂದು ಉತ್ತರ ಬಂತು. ಪರೀಕ್ಷಕರ ಕಡೆಯ ಮೇಡಂ ಒಬ್ಬರು ಪ್ರೊಜೆಕ್ಟರ್ ಹೊರಿಸಿಕೊಂಡು ಊರಿಗೇ ಬಂದು, ಒಂದು ಸಂಜೆ ಚಿತ್ರೀಕರಿಸಿಕೊಂಡು, ಆ ರಾತ್ರಿಯ ವಿಮಾನಕ್ಕೇ ಹಿಂತಿರುಗುವುದು ಎಂದೂ ಗೊತ್ತಾಯಿತು.

ಮೆಂಬರ್ ಈ ಸುದ್ದಿಯನ್ನು ರಾಯಕೋಟೆ ಸಂತೆಯಿಂದ ಹಿಡಿದು ಕೃಷ್ಣಗಿರಿಯ ಕೋರ್ಟು ಕ್ಯಾಂಟೀನಿನವರೆಗೆ ಹಂಚಿದ. ಸ್ಪರ್ಧೆ ನಡೆಸುವ ಊರಿನ ಹೆಸರನ್ನು ಒಂದೊಂದು ಕಡೆ ಒಂದೊಂದು ಥರ ಹೇಳಿದ. ಮಗಳು ಮಾಡುತ್ತಿರುವುದೇನೆಂದು ಮಾತ್ರ ಕೇಳಲಿಲ್ಲ. ಅವಳಾಗಿ ವಿವರಿಸಲು ಬಂದ ಸಂಜೆಗಳಲ್ಲಿ ಅವನು ಸ್ವಾಗತ ಭಾಷಣ ಕಟ್ಟುವುದರಲ್ಲಿ ಮುಳುಗಿದ್ದ. ಬದುಕಿನ ಅರ್ಥದ ಬಗ್ಗೆ ಅವನಿಗೆ ಹೇಳುವುದು ಬಹಳ ಇತ್ತು. ಮಗಳ ಮಾತಿನಲ್ಲಿ ‘ಗೋಡೆ’, ‘ಬೆಳಕು’, ‘ಫಾರಿನ್’ ಎಂಬ ಮೂರು ಪದಗಳು ಕಿವಿಗೆ ಬಿದ್ದವು. ಅಷ್ಟು ಸಾಕು ಎಂದುಕೊಂಡ.

ಮೇಡಂ ಬರಬೇಕಿದ್ದ ಆ ದಿನ ಬೆಳಿಗ್ಗೆ ಸೊಸೈಟಿಯಲ್ಲಿ ಹಾಲಿನ ಮುನಿಕೃಷ್ಣಪ್ಪ ಕ್ಯಾನು ಇಳಿಸುತ್ತಾ ಕೇಳಿದ್ದ. ಎರಡು ಚುನಾವಣೆಯಲ್ಲೂ ಮೆಂಬರನ್ನು ಸೋಲಿಸಿದವನು ಅವನೇ.

“ಏನ್ ಮೆಂಬ್ರೆ, ಏಳು ಸಮುದ್ರ ದಾಟಿ ಬರೋ ಮೇಡಂಗೆ ಸಗಣಿ ತೋರುಸ್ತೀಯಂತೆ? ಗಂಜಲಾನೂ ಒಂದು ಲೋಟದಾಗೆ ಇಕ್ಕು, ಕಾಪಿ ಬದ್ಲು.”

ಎಲ್ಲರೂ ನಕ್ಕರು. ಮೆಂಬರ್ ಮನೆಗೆ ಬಂದು ಮೊದಲ ಬಾರಿಗೆ ಆ ಗೋಡೆಯನ್ನು ಕಣ್ಣಿಟ್ಟು ನೋಡಿದ. ಕೆಳಗಿನಿಂದ ಮೇಲಿನವರೆಗೆ ಹೆಂಡತಿ ಅಂಜಿನಮ್ಮ ತಟ್ಟಿದ ಬೆರಣಿಗಳು, ಒಂದೊಂದರ ಮೇಲೂ ಐದು ಬೆರಳಿನ ಗುರುತು. ಅವನ ಮೈ ಉರಿದುಹೋಯಿತು. ಅಂಜಿನಮ್ಮ ಗುಲಾಬಿ ತೋಟಕ್ಕೆ ಕಳೆ ಕೀಳಲು ಹೋಗಿದ್ದಳು. ವನಿತಾ, ಮೇಡಂ ಅವರನ್ನು ಕರೆತರಲು ಹೊಸೂರಿಗೆ ಹೋಗಿದ್ದಳು. ಅವನೇ ಗುದ್ದಲಿ ಹಿಡಿದು ಅಷ್ಟನ್ನೂ ಕಿತ್ತು, ಗೋಡೆ ತೊಳೆದು, ಸುಣ್ಣ ಕಲಸಿ ಬಳಿದ. ಮಗಳು ಬಂದು ನೋಡಿ “ಅಪ್ಪಾ!” ಎನ್ನುವುದನ್ನು ಮನಸ್ಸಿನಲ್ಲೇ ಎರಡು ಮೂರು ಸಲ ಕೇಳಿಸಿಕೊಂಡ.

ಮೊದಲು ಬಂದವಳು ಅಂಜಿನಮ್ಮ. ತಲೆಯ ಮೇಲಿನ ಹುಲ್ಲಿನ ಹೊರೆ ಹಾಗೇ ಜಾರಿ ಕೆಳಗೆ ಬಿತ್ತು.

“ಯಾರ್ ಮಾಡಿದ್ದು ಇದನ್ನ?”

“ಇನ್ಯಾರು? ನಾನೇ. ಕೂಲಿಯವ್ರಿಗೂ ಕಾಯ್ಲಿಲ್ಲ. ಹೆಂಗೈತೆ?”

“ಅಯ್ಯೋ ನಿನ್ ಮನೆ ಹಾಳಾಗೋಗ!”

“ನನ್ ಮನೇಂದ್ರೆ ನಿನ್ ಮನೇನೂ ಅಲ್ವೇನೆ?”

“ಬಾಯ್ ಮುಚ್ಚಯ್ಯಾ! ಆ ಬೆಳಕು ಬೀಳಾದೇ ಬೆರಣಿ ಮ್ಯಾಲೆ. ಒಂದೊಂದು ಬೆರಣೀಗೂ ಒಂದೊಂದು ಮುಖ ಇಕ್ಕವ್ಳೆ ನಿನ್ ಮಗಳು. ಊರೋರ್ದೆಲ್ಲಾ ಮುಖ ಕ್ಯಾಮೆರಾದಾಗೆ ಹಿಡ್ಕಂಡ್ ಬಂದು, ಸ್ಟೂಲ್ ಹತ್ಕಂಡು ಒಂದೊಂದ್ನೂ ಅಳ್ದವ್ಳೆ, ನನ್ ಬೆಳ್ಳಿನ್ ಗುರ್ತೂ ಬುಡ್ದಂಗೆ. ಒಣಗಿದ್ರೂ ಬಿಡುಸ್ಬ್ಯಾಡ ಕಣಮ್ಮಾ ಅಂದಿದ್ಲು. ಅವತ್ತಿಂದ ನಾನು ಒಲೆಗೆ ಬರೀ ಸೌದೆ ಉರುಸ್ತಾ ಇವ್ನಿ. ಯಾಕೆ ಅಂತ ಒಂದ್ ದಿನ ಕೇಳ್ದಾ ನೀನು?”

ಕೇಳಿರಲಿಲ್ಲ. ಮನೆಯಲ್ಲಿ ಹೊಗೆ ಹೆಚ್ಚಾಗಿದೆ ಎಂದು ಗೊಣಗಿದ್ದು ಮಾತ್ರ ನೆನಪಾಯಿತು.

“ಪರದೆ ಅಂದ್ಮ್ಯಾಗೆ ಬೆಳ್ಳಗಿರ್ಬೇಕಲ್ವಾ?” ಎಂದ. ದನಿ ಆಗಲೇ ಸಣ್ಣದಾಗಿತ್ತು.

“ಪೋಟೋದಾಗೆ ಹೆಂಗಿತ್ತೋ ಹಂಗೇ ಇರ್ಬೇಕಂತೆ. ಆ ಮೇಡಮ್ಮ ಪೋಟೋ ಹಿಡ್ಕಂಡು ಬಂದು ಗೋಡೆ ನೋಡ್ತಾಳಂತೆ. ಬ್ಯಾರೆ ಆಗಿದ್ರೆ ಆಟದಿಂದ ಆಚೆಗೆ. ವರ್ಸದಿಂದ ಮಗಾ ನಿದ್ದೆಗೆಟ್ಟಿದ್ದು ಮಣ್ಣುಪಾಲು!”

ರಾಮಕೃಷ್ಣಪ್ಪ ಕೊಟ್ಟಿಗೆಯ ಹಿಂದೆ ಎಸೆದಿದ್ದ ಬೆರಣಿಗಳ ಬಳಿಗೆ ಓಡಿದ. ಗುದ್ದಲಿಯೇಟಿಗೆ ಒಂದೂ ಇಡಿಯಾಗಿ ಉಳಿದಿರಲಿಲ್ಲ. ಎರಡು ತುಂಡು ಹಿಡಿದು ಜೋಡಿಸಲು ನೋಡಿದ, ಮೂರಾದವು. ಹೊತ್ತು ಪಡುವಣದ ಹುಣಸೇಮರದ ತಲೆಗೆ ಬಂದಿತ್ತು.

“ಹೊಸಾವು ತಟ್ಟಿದ್ರೆ?” ಎಂದ.

ಅಂಜಿನಮ್ಮ ಗೋಡೆಗೆ ಅಂಗೈ ಒತ್ತಿ ನೋಡಿದಳು. ಬಿಸಿಲಿಗೆ ಸುಣ್ಣ ಒಣಗಿತ್ತು. “ನಿಂತ್ಕಂತವಾ ಇಲ್ವಾ ನಂಗೊತ್ತಿಲ್ಲ. ತಟ್ಟಾನ ಅಂದ್ರೂ ಸಗಣಿ ಎಲ್ಲೈತೆ? ಬೆಳಿಗ್ಗೇದು ತಿಪ್ಪೇಗೆ ಹೋಯ್ತು. ಈ ಒಂದು ಹಸ ಮುಂದ್ಲ ವಾರದ್ದೂ ಸೇರ್ಸಿ ಈಗ್ಲೇ ಹಾಕ್ತದಾ?” ಸ್ವಲ್ಪ ತಡೆದು, ಅವನ ಮುಖ ನೋಡದೆ ಹೇಳಿದಳು. “ಅಷ್ಟು ಸಗಣಿ ಇರಾದು ಊರ್ನಾಗೆ ಒಬ್ರ ಮನೇಲೇ.”

ಯಾರ ಮನೆ ಎಂದು ಅವನೂ ಕೇಳಲಿಲ್ಲ.

ಮುನಿಕೃಷ್ಣಪ್ಪನ ಮನೆಯ ಹಿಂದೆ ಸೀಮೆಹಸುಗಳ ದೊಡ್ಡ ಕೊಟ್ಟಿಗೆ. ಅವನು ಜಗಲಿಯ ಮೇಲೆ ಕೂತು ರೇಡಿಯೋಗೆ ಸೆಲ್ಲು ಹಾಕುತ್ತಿದ್ದ. ಖಾಲಿ ಮಂಕರಿ ಹಿಡಿದು ಬಾಗಿಲಲ್ಲಿ ನಿಂತ ಮೆಂಬರನ್ನು ಕಂಡು ಸೆಲ್ಲು ಕೈಯಲ್ಲೇ ಉಳಿಯಿತು.

“ಏಮಪ್ಪಾ ಮೆಂಬರು, ಓಟು ಕೇಳಕ್ಕೆ ಮಂಕ್ರಿ ತಂದಿದ್ದೀಯಾ? ಲೇ ಕನಕಾ, ಬಾರೆ ಇಲ್ಲಿ, ಯಾರ್ ಬಂದವ್ರೆ ನೋಡು!”

“ವಸಿ ಸಗಣಿ ಬೇಕಿತ್ತು.”

“ಏನು?”

ಕಿವಿ ಕೇಳದವನೇನೂ ಅಲ್ಲ ಮುನಿಕೃಷ್ಣಪ್ಪ. ಎರಡನೇ ಸಲ ಕೇಳುವ ಸುಖಕ್ಕೆ ಕೇಳಿದ.

“ಸಗಣಿ. ಮೂರ್ ನಾಕು ಮಂಕ್ರಿ.”

“ಬೆಳಿಗ್ಗೆ ಸಗಣಿ ಅಂದಿದ್ಕೆ ಮೂಗ್ ಮುರ್ಕಂಡ್ ಹೋದೆ, ಈಗೇನು?”

ಮೆಂಬರ್ ಜೀವಮಾನವಿಡೀ ಉತ್ತರಗಳ ಬರ ಕಂಡವನಲ್ಲ. ಸರ್ಕಾರದ ಸ್ಕೀಮು ಎನ್ನಬಹುದಿತ್ತು, ಹೋಮಕ್ಕೆ ಎನ್ನಬಹುದಿತ್ತು. ಹೊಸೂರಿನ ರಸ್ತೆಯ ಕಡೆ ಒಮ್ಮೆ ನೋಡಿದ. ವ್ಯಾನು ಯಾವಾಗ ಬೇಕಾದರೂ ತಿರುವಿನಲ್ಲಿ ಕಾಣಿಸಬಹುದಿತ್ತು.

“ನಾನೇ ಕಿತ್ತಾಕ್ಬುಟ್ಟೆ ಕಣಣ್ಣಾ. ಬೆರಣಿ ಎಲ್ಲಾ. ಸುಣ್ಣ ಹೊಡ್ದೆ. ಚೆಂದ ಕಾಣ್ಲಿ ಅಂತ. ಅದು ಇರ್ಬೇಕಿತ್ತಂತೆ. ಈಗ ಮಗಳನ್ನ ಆಟದಿಂದ ತೆಗ್ದಾಕ್ತಾರೆ.”

ಮುನಿಕೃಷ್ಣಪ್ಪ ನಗಲು ಬಾಯಿ ತೆರೆದಿದ್ದ. ಒಳಗಿಂದ ಬಂದ ಹೆಂಡತಿ ಕನಕಮ್ಮ ಅವನಿಗಿಂತ ಮುಂಚೆ ಮಾತಾಡಿದಳು. “ನಮ್ ವನಿತನ್ನಾ? ನನ್ ಮುಖಾನೂ ಹಿಡ್ಕಂಡೋಗವ್ಳೆ ಅವ್ಳು. ಕೊಡಯ್ಯಾ, ಏನ್ ನೋಡ್ತೀಯ?”

“ಕೊಡಾಕಿಲ್ಲ ಅಂದ್ನಾ? ಆಳ್ಗೋಳು ಹೋಗ್ಬುಟ್ಟವ್ರೆ. ನೀನೇ ತುಂಬ್ಕ, ನೀನೇ ಹೊತ್ಕ ಮೆಂಬ್ರೆ. ನಂಗೆ ಸೊಂಟನೋವು.” ಅಷ್ಟರ ಮಟ್ಟಿಗೆ ಅವನೂ ಬಿಟ್ಟುಕೊಡಲಿಲ್ಲ.

ಮೆಂಬರ್ ಆದಮೇಲೆ ರಾಮಕೃಷ್ಣಪ್ಪ ಸಗಣಿ ಮುಟ್ಟಿರಲಿಲ್ಲ. ಈಗ ಎರಡು ಕೈಯಲ್ಲಿ ಬಾಚಿ ಬಾಚಿ ತುಂಬಿದ. ಹಿತ್ತಲ ದಾರಿ ಸುತ್ತು, ಹೊತ್ತು ಕಾಯುವುದಿಲ್ಲ. ಊರ ನಡುವಿನ ಬೀದಿಯಲ್ಲೇ ತಲೆಯ ಮೇಲೆ ಮಂಕರಿ ಹೊತ್ತು ನಡೆದ. ಹಸಿ ಸಗಣಿಯ ನೀರು ಕಿವಿಯ ಹಿಂದಿನಿಂದ ಇಳಿದು ಇಸ್ತ್ರಿ ಷರಟಿನ ಕಾಲರಿನೊಳಕ್ಕೆ ಹೋಯಿತು.

“ಇದ್ಯಾವ ಸ್ಕೀಮು ಮೆಂಬ್ರೆ?” ಎಂದು ಅಂಗಡಿ ಕಟ್ಟೆಯಿಂದ ಯಾರೋ ಕೂಗಿದರು. ಅವನು ತಿರುಗಲಿಲ್ಲ. ತಿರುಗಿದ್ದರೆ ಮಂಕರಿಯೂ ತಿರುಗುತ್ತಿತ್ತು.

ಕೊನೆಯ ಮಂಕರಿ ಹೊತ್ತು ಬರುವ ಹೊತ್ತಿಗೆ ಅಂಗಳದಲ್ಲಿ ವ್ಯಾನು ನಿಂತಿತ್ತು.

ವನಿತಾ ಗೋಡೆಯ ಮುಂದಿದ್ದಳು. ಅಳುತ್ತಿರಲಿಲ್ಲ, ಕೂಗಾಡುತ್ತಿರಲಿಲ್ಲ. ಅದಕ್ಕೇ ರಾಮಕೃಷ್ಣಪ್ಪನಿಗೆ ಹೆಚ್ಚು ಭಯವಾಯಿತು. ಪಕ್ಕದಲ್ಲಿ ಎತ್ತರದ ಮೇಡಂ, ಕೈಯಲ್ಲಿ ದೊಡ್ಡ ಫೋಟೋ. ಫೋಟೋ ನೋಡಿದರು, ಗೋಡೆ ನೋಡಿದರು, ಮತ್ತೆ ಫೋಟೋ ನೋಡಿದರು. ಇಂಗ್ಲಿಷಿನಲ್ಲಿ ಮೆಲ್ಲಗೆ ಏನೋ ಕೇಳಿದರು. ವನಿತಾ ಮೆಲ್ಲಗೆ ಏನೋ ಹೇಳಿದಳು. ಮೆಂಬರ್ ಮಂಕರಿ ಇಳಿಸಿ, ಸಗಣಿ ಕೈ ಜೋಡಿಸಿ, ಮೇಡಂಗೆ ನಮಸ್ಕಾರ ಹಾಕಿದ. ಭಾಷಣದ ಒಂದು ಸಾಲೂ ಬಾಯಿಗೆ ಬರಲಿಲ್ಲ. ಬಂದದ್ದು ಇಷ್ಟು: “ಮೈ ಮಿಸ್ಟೇಕ್ ಮೇಡಂ. ಡಾಟರ್ ನೋ ಮಿಸ್ಟೇಕ್.”

ಮೇಡಂ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಕೈಗಡಿಯಾರ ನೋಡಿ, ಮತ್ತೆ ಮಾತಾಡಿದರು. ವನಿತಾ ಅದನ್ನು ಕನ್ನಡಕ್ಕೆ ತಂದಳು, ಆದರೆ ತಾಯಿಗೆ.

“ಅಮ್ಮಾ, ಕ್ಯಾಮೆರಾ ಹಾಕೋ ತನ್ಕ ಗೋಡೆ ರಿಪೇರಿ ಮಾಡ್ಬೌದಂತೆ. ಪೋಟೋಗೆ ಹೊಂದ್ಬೇಕು. ಪೂರ್ತಿ ಕತ್ಲಾಯ್ತಿದ್ದಂಗೆ ಶುರು ಮಾಡ್ತಾರೆ. ಕಾಯಲ್ಲ, ವಿಮಾನ ಐತಂತೆ.”

“ಯಾವ್ದು ಎಲ್ಲಿತ್ತು ಅಂತ ಹೆಂಗೆ ಕಾಣೋದೆ? ನಿಮ್ಮಪ್ಪ ಕಲೇನೂ ಉಳುಸ್ದಂಗೆ ಬಳ್ದವ್ನೆ.”

ವನಿತಾ ಪ್ರೊಜೆಕ್ಟರನ್ನು ಮುಂಚೆಯೇ ಗುರುತು ಮಾಡಿಟ್ಟಿದ್ದ ಕಲ್ಲಿನ ಮೇಲೆ ಕೂರಿಸಿದಳು. ವಯರು ಸಿಕ್ಕಿಸಿ, ಕಂಪ್ಯೂಟರಿನಲ್ಲಿ ಏನೋ ಒತ್ತಿದಳು. ಸಂಜೆಬೆಳಕು ಇನ್ನೂ ಇತ್ತು. ಗೋಡೆಯ ಮೇಲೆ ಏನೂ ಕಾಣಲಿಲ್ಲ. ಎಲ್ಲರೂ ಕಾದರು. ಸೂರ್ಯ ಹುಣಸೇಮರದ ಹಿಂದಕ್ಕೆ ಜಾರಿದ ಹಾಗೆ, ಮೊದಲು ಒಂದು ಮೂಲೆಯಲ್ಲಿ, ಆಮೇಲೆ ಗೋಡೆಯ ತುಂಬ, ತೆಳ್ಳನೆಯ ನೀಲಿ ಬಳೆಗಳು ಮೂಡಿದವು. ಕಿತ್ತುಹೋದ ಒಂದೊಂದು ಬೆರಣಿಯ ಜಾಗದಲ್ಲೂ ಒಂದೊಂದು ಬಳೆ.

ಅಂಜಿನಮ್ಮ ಸೆರಗು ಸಿಕ್ಕಿಸಿದಳು. ಸಗಣಿಗೆ ರಾಗಿಹೊಟ್ಟು ಕಲಸಿ, ಉಂಡೆ ಮಾಡಿ, ಮೊದಲ ಬಳೆಯೊಳಗೆ ತಟ್ಟಿದಳು. ಬೆರಣಿ ಒಂದು ಕ್ಷಣ ನಿಂತು, ಅಂಗೈಯಗಲದ ಸುಣ್ಣದ ಸಮೇತ ಕೆಳಗೆ ಬಿತ್ತು.

ಅಂಜಿನಮ್ಮ ಉಳಿದ ಸುಣ್ಣವನ್ನು ಉಗುರಿನಿಂದ ಕೆರೆದು ನೋಡಿದಳು.

“ಕೆರೀಬೇಕು,” ಎಂದಳು. ರಾಮಕೃಷ್ಣಪ್ಪ ಕುಡುಗೋಲು ತಂದು ಬಳೆಯೊಳಗಿನ ಸುಣ್ಣ ಕೆರೆಯತೊಡಗಿದ. ಅವನು ಕೆರೆದಲ್ಲಿ ಅವಳು ನೀರು ಚಿಮುಕಿಸಿ ತಟ್ಟಿದಳು. ಎರಡನೆಯದು ನಿಂತಿತು. ಮೂರನೆಯದೂ ನಿಂತಿತು. ಆದರೆ ಬೆಳಕು ಹೋಗುತ್ತಿದ್ದ ವೇಗಕ್ಕೂ ಅವಳ ಕೈಗೂ ಹೊಂದುವಂತಿರಲಿಲ್ಲ. ಮೇಲಿನ ಸಾಲಿಗೆ ಸ್ಟೂಲು ಹತ್ತಿ ಇಳಿಯಲು ಅವಳಿಗೆ ಪುರುಸೊತ್ತೂ ಇರಲಿಲ್ಲ. ಮೆಂಬರ್ ಸ್ಟೂಲು ಹಾಕಿಕೊಂಡು ತಾನೇ ಹತ್ತಿದ. ಮೊದಲನೆಯದನ್ನು ಚುನಾವಣೆಯಲ್ಲಿ ಮುದ್ರೆ ಒತ್ತುವ ಹಾಗೆ ಒತ್ತಿದ. ಅದು ಅವನ ಪಾದದ ಮೇಲೇ ಬಿತ್ತು.

“ಎಸೀಬ್ಯಾಡ್ವೋ, ಕೂರ್ಸು!” ಎಂದು ಅಂಜಿನಮ್ಮ ಕೆಳಗಿನಿಂದ ಗದರಿದಳು. “ತೇಗು ಬರ್ಸಕ್ಕೆ ಮಗೀನ್ ಬೆನ್ನು ತಟ್ತಾರಲ್ಲ, ಹಂಗೆ. ಅದ್ನಾದ್ರೂ ಯಾವಾಗ್ ಮಾಡಿದ್ದೀಯ ನೀನು.”

“ಅಮ್ಮಾ,” ಎಂದಳು ವನಿತಾ ಪ್ರೊಜೆಕ್ಟರ್ ಪಕ್ಕದಿಂದ, “ಮ್ಯಾಲಿಂದು ಒಂದ್ ಬೆಳ್ಳು ಎಡಕ್ಕೆ ಅನ್ನು ಅವ್ರಿಗೆ.”

“ಒಂದ್ ಬೆಳ್ಳು ಎಡಕ್ಕಂತೆ.”

“ಕೇಳುಸ್ತು,” ಎಂದ ರಾಮಕೃಷ್ಣಪ್ಪ. ಮೂರು ಗಜ ದೂರದ ಮಗಳ ಮಾತು ಹೆಂಡತಿಯ ಮೂಲಕ ಬರುವುದು ಸಗಣಿಗಿಂತ ಭಾರವಾಗಿತ್ತು.

ಅಂಗಳದಲ್ಲಿ ಜನ ಸೇರತೊಡಗಿದರು. ಮುನಿಕೃಷ್ಣಪ್ಪ ಸೊಂಟನೋವು ಮರೆತು ಮುಂದಿನ ಸಾಲಿನಲ್ಲೇ ಕುಕ್ಕುರುಗಾಲಲ್ಲಿ ಕೂತ. ಮೇಡಂ ಕ್ಯಾಮೆರಾದ ಕಾಲು ಬಿಡಿಸಿ ನಿಲ್ಲಿಸಿದರು. ನೀಲಿ ಬಳೆಗಳು ಈಗ ಚೆನ್ನಾಗಿ ಉರಿಯುತ್ತಿದ್ದವು, ಅಂದರೆ ಹೊತ್ತು ಮುಗಿಯುತ್ತಿತ್ತು. ಕೊನೆಯ ಬಳೆ ಮೇಲಿನ ಸಾಲಿನ ಮೂಲೆಯಲ್ಲಿತ್ತು. ಅವಸರದಲ್ಲಿ ರಾಮಕೃಷ್ಣಪ್ಪ ಅಲ್ಲಿ ಕೆರೆದನೋ ಇಲ್ಲವೋ ಅವನಿಗೇ ಗೊತ್ತಾಗಲಿಲ್ಲ. ತಟ್ಟಿ ಇಳಿದ. ಮೇಡಂ ಫೋಟೋವನ್ನು ಗೋಡೆಯ ಪಕ್ಕಕ್ಕೆ ಹಿಡಿದು, ಸಾಲು ಸಾಲಾಗಿ ನೋಡುತ್ತಾ ಹೋದರು. ಮಧ್ಯೆ ಎರಡು ಸಲ ನಿಂತರು. ಆಮೇಲೆ ಸರಿ ಎಂದು ತಲೆಯಾಡಿಸಿದರು.

ಬಳೆಗಳು ಆರಿದವು. ಅಂಗಳ ಕತ್ತಲಾಯಿತು.

ಗೋಡೆಯ ಕೆಳಗೆ ಬೆಳಕಿನದೊಂದು ಕೈ ಕಾಣಿಸಿಕೊಂಡಿತು, ಅಂಜಿನಮ್ಮನ ಕೈ. ಅದು ಒಂದು ಬೆರಣಿಯನ್ನು ತಟ್ಟಿತು. ಬೆರಣಿ ಬೆಳಗಿ, ಅದರೊಳಗೆ ಕನಕಮ್ಮನ ಮುಖ ಮೂಡಿತು. “ಬದುಕಂದ್ರೇನು ಅಂತೀಯಾ? ಸುಮ್ಕಿರೆ, ಹಾಲ್ ಕರೀಬೇಕು,” ಎಂದಿತು. ಜನ ಹೋ ಎಂದರು. ಕೈ ಇನ್ನೊಂದನ್ನು ತಟ್ಟಿತು. ಮುನಿಕೃಷ್ಣಪ್ಪನ ಮುಖ. “ಹಾಲ್ನಾಗೆ ಪ್ಯಾಟ್ ಎಷ್ಟೈತೆ ಅಂತ ಸೊಸೈಟಿನಾಗೆ ಹೇಳ್ತಾರಲ್ಲ, ಅಷ್ಟೇ ಬದುಕು.” ಕೆಳಗೆ ಕೂತಿದ್ದ ಮುನಿಕೃಷ್ಣಪ್ಪ ತನ್ನ ಮಾತಿಗೆ ತಾನೇ ತಲೆದೂಗಿದ. ಹಸಿ ಬೆರಣಿಯ ಮೇಲೆ ಮುಖಗಳು ಮಂಕಾಗಿದ್ದವು, ಆದರೆ ತೇವಕ್ಕೆ ಮಿನುಗುತ್ತಿದ್ದವು. ಒಂದೊಂದಾಗಿ ಬೆಳಕು ಮೇಲಕ್ಕೆ ಹತ್ತುತ್ತಿತ್ತು.

ರಾಮಕೃಷ್ಣಪ್ಪ ಮುಖಗಳನ್ನು ನೋಡುತ್ತಿರಲಿಲ್ಲ. ಅವನ ಕಣ್ಣು ಮೇಲಿನ ಸಾಲಿನ ಮೂಲೆಯಲ್ಲಿ ನೆಟ್ಟಿತ್ತು. ಆ ಬೆರಣಿ ಕದಲಿತು. ಕಣ್ಣು ಉಜ್ಜಿಕೊಂಡು ನೋಡಿದ. ಮತ್ತೆ ಕದಲಿತು. ಮೇಲಂಚು ಗೋಡೆ ಬಿಟ್ಟು ಬಾಯಿ ತೆರೆಯುತ್ತಿತ್ತು.

ಹೋಗಿ ಹಿಡಿದರೆ ಚಿತ್ರ ಕೆಡುತ್ತದೆ. ಹಿಡಿಯದಿದ್ದರೆ ಬಿದ್ದು, ಕೆಳಗಿನವನ್ನೂ ಕಿತ್ತುಕೊಂಡು ಹೋಗುತ್ತದೆ. ಮಗಳನ್ನು ಕೇಳೋಣವೆಂದರೆ ಅವಳು ಅವನೊಂದಿಗೆ ಮಾತಾಡುತ್ತಿಲ್ಲ. ಅಷ್ಟರಲ್ಲಿ ಕಾಲು ತಾವೇ ನಡೆದಿದ್ದವು. ಸ್ಟೂಲು ಹತ್ತಿ, ಎರಡೂ ಅಂಗೈಗಳನ್ನು ಬೆರಣಿಗೆ ಒತ್ತಿ, ಮುಖ ಗೋಡೆಗೆ ಮಾಡಿ ನಿಂತುಬಿಟ್ಟ.

“ಲೇ, ಯಾರಲಾ ಅದು, ಇಳೀಲಾ!” ಎಂದು ಯಾರೋ ಕೂಗಿದರು. “ಮೆಂಬರ್ ಕಣ್ಲಾ! ಇಲ್ಲೂ ಮುಂದೆ ನಿಂತವ್ನೆ ನೋಡು!” ನಗು ಎದ್ದಿತು. ವನಿತಾ ಬೆಳಕು ನಿಲ್ಲಿಸಿಬಿಟ್ಟರೆ? ಮೇಡಂ ಕ್ಯಾಮೆರಾ ಆರಿಸಿಬಿಟ್ಟರೆ? ಅವನು ತಿರುಗಿ ನೋಡುವಂತಿರಲಿಲ್ಲ.

ಕತ್ತಲೊಳಗಿನಿಂದ ಮಗಳ ದನಿ ಬಂತು.

“ಅಪ್ಪಾ. ಅಲ್ಲಾಡ್ಬ್ಯಾಡ.”

ಅವನು ಅಲ್ಲಾಡಲಿಲ್ಲ. ಉಸಿರನ್ನೂ ಅಳೆದು ಬಿಟ್ಟ. ಕಿವಿಯ ಮೇಲೆ ಸೊಳ್ಳೆ ಕೂತು, ಹೊಟ್ಟೆ ತುಂಬ ಕುಡಿದು, ತಾನಾಗಿ ಎದ್ದುಹೋಯಿತು. ಬೆಳಕಿನ ಕೈ ಮೇಲೇರುತ್ತಾ ಬಂದು ಅವನ ಕೈಯನ್ನೇ ತಟ್ಟಿತು. ಮುಂಗೈಯ ನರಗಳ ಮೇಲೆ, ಸಗಣಿ ಮೆತ್ತಿದ ಬೆರಳುಗಳ ಮೇಲೆ, ಹೆಂಡತಿಯ ಮುಖದ ಚೂರುಗಳು ಹರಿದಾಡುವುದು ಅವನಿಗೆ ಕಂಡಿತು. ಒಂದು ಕಣ್ಣು ಹೆಬ್ಬೆರಳಿನ ಮೇಲಿತ್ತು. ಅಂಜಿನಮ್ಮನ ದನಿ ಗೋಡೆಯೊಳಗಿನಿಂದಲೇ ಬಂದ ಹಾಗೆ ಕೇಳಿಸಿತು. “ನಂಗೇನ್ ಗೊತ್ತೇ. ಅಂಥದ್ದೆಲ್ಲಾ ನಿಮ್ಮಪ್ಪನ್ ಕೇಳು.”

ಅಂಗಳವೆಲ್ಲ ನಕ್ಕಿತು. ಮೆಂಬರಿಗೂ ನಗು ಬಂತು. ನಕ್ಕರೆ ಕೈ ಕದಲುತ್ತದೆಂದು ನುಂಗಿಕೊಂಡ.

ಆಮೇಲೆ ಮುಖಗಳು ಒಂದೊಂದಾಗಿ ಆರಿದವು. ಕಡೆಗೆ ಆರಿದ್ದು ಅವನ ಕೈಗಳ ಮೇಲಿದ್ದದ್ದು. ಜನ ಚಪ್ಪಾಳೆ ತಟ್ಟಿ, ಮಾತಾಡುತ್ತಾ ಎದ್ದರು. ಅವನು ಹಾಗೇ ನಿಂತಿದ್ದ.

“ಬುಡಯ್ಯಾ, ಆಗೋಯ್ತು,” ಎಂದಳು ಅಂಜಿನಮ್ಮ.

“ಅವ್ಳು ಹೇಳ್ಲಿ.”

ವನಿತಾ ಮೇಡಂ ಜೊತೆ ಮಾತಾಡುತ್ತಿದ್ದಳು. ಮಾತು ಬೇಗ ಮುಗಿಯಲಿಲ್ಲ. ಮೇಡಂ ಸ್ಟೂಲಿನ ಕಡೆ ಬೆರಳು ತೋರಿಸಿ ಏನೋ ಕೇಳಿದರು; ಅವಳ ಉತ್ತರ ಕೇಳಿ ಬರೆದುಕೊಂಡರು; ವ್ಯಾನು ಹತ್ತಿದರು. ವ್ಯಾನಿನ ಹಿಂದಿನ ಕೆಂಪು ದೀಪ ಹೊಸೂರಿನ ದಾರಿಯಲ್ಲಿ ಮರೆಯಾದ ಮೇಲೆ ಅವಳು ಗೋಡೆಯ ಬಳಿಗೆ ಬಂದಳು.

“ಏನ್ ಕೇಳಿದ್ರು?” ಎಂದ ಗೋಡೆಗೆ ಮುಖ ಮಾಡಿಕೊಂಡೇ.

“ಚಿತ್ರಕ್ಕೆ ಹೊಸ್ದಾಗಿ ಏನೂ ಸೇರುಸ್ಬಾರ್ದು ಅಂತ ಐತೆ. ಆ ಮನುಷ್ಯ ಚಿತ್ರಾನಾ, ಗೋಡೇನಾ ಅಂದ್ರು.”

“ನೀನೇನಂದೆ?”

“ಗೋಡೆ ಅಂದೆ.”

ರಾಮಕೃಷ್ಣಪ್ಪನಿಗೆ ಇದು ಬಡ್ತಿಯೋ ಹಿಂಬಡ್ತಿಯೋ ಗೊತ್ತಾಗಲಿಲ್ಲ.

“ಒಪ್ಕಂಡ್ರಾ?”

“ಒಪ್ಕಂಡ್ರು. ಕೈ ಬುಡಪ್ಪ ಈಗ.”

ಕೈ ತೆಗೆದ. ಬೆರಣಿ ಬೀಳಲಿಲ್ಲ. ಯಾವಾಗಿನಿಂದ ತಾನಾಗಿ ನಿಂತಿತ್ತೋ, ಹೇಳುವವರಿಲ್ಲ.

ಬಹುಮಾನ ಬೇರೆ ದೇಶದ ಒಂದು ಅರಮನೆಗೆ ಹೋಯಿತು. ಆ ಸುದ್ದಿ ಬಂದ ದಿನ ಮೆಂಬರ್ ಸೊಸೈಟಿಯ ಜಗಲಿಯಲ್ಲಿ ಪೆನ್ನು ಆಡಿಸುತ್ತಾ, ಅರಮನೆಗೂ ನಮ್ಮ ಕೊಟ್ಟಿಗೆಗೂ ಪೈಪೋಟಿ ಬಿದ್ದಿತ್ತು, ಸ್ವಲ್ಪದರಲ್ಲಿ ತಪ್ಪಿತು ಎಂದು ಹೇಳಿಕೊಂಡು ಕೂತಿದ್ದ. ಮುನಿಕೃಷ್ಣಪ್ಪ ಅಡ್ಡ ಬಾಯಿ ಹಾಕಲಿಲ್ಲ; ಸಗಣಿ ಅವನದಲ್ಲವೇ. ಅಷ್ಟು ಹೊತ್ತಿಗೆ ಬಸ್ಸಿಳಿದು ಬಂದ ವನಿತಾ, ಮುಂದಿನ ವರ್ಷಕ್ಕೆ ಬೇರೆ ಗೋಡೆ ನೋಡಬೇಕು ಎಂದಳು. ಅಪ್ಪ ಪೆನ್ನು ಜೇಬಿಗಿಟ್ಟು, ಜಗಲಿಯಿಂದ ಎದ್ದು ಬಂದು ಕೇಳಿದ.

“ಹೆಂಗೆ ಮಾಡ್ತೀಯ, ವಸಿ ಬುಡ್ಸಿ ಹೇಳು.”